ಲೋಡ್ ಕೊಟ್ಟು ನೋಡಿ

ಲಗ್ಗೆರೆಯ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು
ನನ್ನ ಟೈಪಿಂಗ್ ಅಂಗಡಿ. ಮೇಜಿನಡಿ ಯುಪಿಎಸ್.
ಚಳಿಗಾಲದ ಬೆಳಗ್ಗೆ ಅದರ ಮೇಲೆ ಪಾದ ಇಟ್ಟುಕೊಳ್ಳುತ್ತಿದ್ದೆ.
ಈ ವರ್ಷ ಇಡಲಾಗದಷ್ಟು ಬಿಸಿ.
ಯಾಕೆಂದು ಕೇಳಲಿಲ್ಲ, ಚಪ್ಪಲಿ ಹಾಕಿಕೊಂಡೆ.

ಗೋಡೆಗೆ ಸಿಕ್ಕಿಸಿದ ಬೆಸ್ಕಾಂ ಬಿಲ್ಲಿನ ಹಿಂದೆ
ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೆ, ಕರೆಂಟು ಹೋದಾಗ
ಎಷ್ಟು ಹೊತ್ತು ತಡೆಯಿತೆಂದು:
ತಂದ ಹೊಸದರಲ್ಲಿ ಇಪ್ಪತ್ತೆರಡು ನಿಮಿಷ.
ಮರುವರ್ಷದ ಯುಗಾದಿಗೆ ಹದಿನೆಂಟು.
ಪೈಪಿಗೆಂದು ರಸ್ತೆ ಅಗೆದವರು ಕೇಬಲ್ ಕಡಿದ ದಿನ
ಹನ್ನೊಂದು.
ಅಲ್ಲಿಗೆ ಬರೆಯುವುದು ಬಿಟ್ಟೆ,
ಬರೆಯದಿದ್ದರೆ ಇಳಿಯುವುದಿಲ್ಲ ಎಂಬಂತೆ.

ಕೂಗೂ ಬದಲಾಗಿತ್ತು.
ಮೊದಲೆಲ್ಲ, ಬಾಗಿಲಲ್ಲಿ ನಿಂತ ನೆಂಟರ ಹಾಗೆ
ಒಮ್ಮೆ ಕೆಮ್ಮಿ, ತಡೆದು, ಮತ್ತೊಮ್ಮೆ.
ಈಗ ಗಲ್ಲಿಯಲ್ಲಿ ಸಿಕ್ಕಿಬಿದ್ದ ನೀರಿನ ಟ್ಯಾಂಕರಿನ ಹಾರ್ನು.

ಆ ಗುರುವಾರ ಗಂಗಹನುಮಕ್ಕ ಬಂದಳು.
ಪೀಣ್ಯದ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ,
ಕೊರಳಲ್ಲಿ ಇನ್ನೂ ಗುರುತಿನ ಚೀಟಿ.
ಅಣ್ಣ ಹೊರಗೆ, ಬೈಕಿನ ಮೇಲೆ, ಇಂಜಿನ್ ಆರಿಸದೆ.
ಅಪ್ಪನ ಸೈಟಿನಲ್ಲಿ ತನ್ನ ಪಾಲು ಬಿಟ್ಟುಕೊಡುವ ಪತ್ರ.
ಅವಳು ಹೆಸರು ಹೇಳಿದಳು, ಅಳತೆ ಹೇಳಿದಳು.
‘ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ’
ಅನ್ನುವುದನ್ನು ಯಾರೂ ಹೇಳಬೇಕಿಲ್ಲ,
ಹದಿನಾಲ್ಕು ವರ್ಷದಿಂದ ನನ್ನ ಬೆರಳಿಗೇ ಬರುತ್ತದೆ.

ಎರಡನೇ ಪುಟಕ್ಕೆ ಕರೆಂಟು ಹೋಯಿತು.
ಸೇವ್ ಮಾಡಲು ಕೈ ಹೋಗುವಷ್ಟರಲ್ಲಿ
ಪರದೆ ಕಪ್ಪು. ನಲವತ್ತು ಸೆಕೆಂಡೂ ಇಲ್ಲ.

ಫ್ಯಾನು ತಿರುಗಿದ ಮೇಲೆ ಮೊದಲಿಂದ ಶುರು.
ನಾಚಿಕೆಗೆ, ತಪ್ಪಾಗಬಾರದೆಂದು,
ಈ ಸಲ ಗಟ್ಟಿಯಾಗಿ ಓದುತ್ತಾ ಟೈಪಿಸಿದೆ.
‘ಯಾರ ಒತ್ತಾಯವೂ—’
‘ಅದನ್ನ ನಾನು ಹೇಳಿದ್ನಾ?’ ಅಂದಳು.
ಎಲ್ಲದರಲ್ಲೂ ಇರುತ್ತಮ್ಮ, ಅಂದೆ.
ಹೊರಗೆ ಇಂಜಿನ್ ಗುರ್ ಅಂತಲೇ ಇತ್ತು.
‘ಇವತ್ತು ಬೇಡ ಬಿಡಿ. ಎಷ್ಟಾಯ್ತು?’
ಏನೂ ಆಗಿಲ್ಲ, ಅಂದೆ. ನಿಜವಾಗಿಯೂ ಏನೂ ಉಳಿದಿರಲಿಲ್ಲ.

ಮುಂದಿನ ವಾರ ಬೇರೆಲ್ಲಾದರೂ ಬರೆಸಿದಳೋ ಏನೋ.
ಈ ಸಾಲಿನಲ್ಲೇ ಆರು ಅಂಗಡಿಗಳಿವೆ,
ಬ್ಯಾಟರಿ ಚೆನ್ನಾಗಿರುವಂಥವು.

ಸಂಜೆ ಆರೋಗ್ಯಸ್ವಾಮಿ ಬಂದ.
ಮೀಟರಿನ ಕಡ್ಡಿ ಇಟ್ಟ: ಹನ್ನೆರಡೂವರೆ.
ಸರಿಯಿದೆಯಲ್ಲಪ್ಪ, ಅಂದೆ ಆಸೆಯಿಂದ.
‘ಸುಮ್ನೆ ಕೂತಿದ್ರೆ ಎಲ್ಲಾ ಹನ್ನೆರಡೂವರೆನೇ ಮೇಡಂ.
ಲೋಡ್ ಕೊಟ್ಟು ನೋಡಿ.’
ಚೀಲದಿಂದ ಕಾರಿನ ಹೆಡ್‌ಲೈಟ್ ಬಲ್ಬು ತೆಗೆದು ವೈರು ತಾಗಿಸಿದ.
ಹನ್ನೊಂದು, ಒಂಬತ್ತು, ಏಳು.
ಬಲ್ಬಿನ ತಂತಿ ಬೀಡಿಯ ತುದಿಯಷ್ಟು ಕೆಂಪಗಾಗಿ, ಅದೂ ಹೋಯಿತು.

ಹೊರತೆಗೆಯಲು ಹೋದರೆ ಬರಲೊಲ್ಲದು.
ಪಕ್ಕೆ ಉಬ್ಬಿ ಡಬ್ಬಕ್ಕೆ ಕಚ್ಚಿಕೊಂಡಿತ್ತು.
ಸ್ಕ್ರೂಡ್ರೈವರ್ ತುರುಕಿ, ಮೊಣಕಾಲು ಒತ್ತಿ,
ಸೂಲಗಿತ್ತಿಯ ಹಾಗೆ ಬೆವೆತ.
ಟರ್ಮಿನಲ್ಲಿಗೆ ಬಿಳಿ ಹಿಟ್ಟು, ಹುಳಿ ವಾಸನೆ.
‘ಇದು ಹೋಗಿ ಒಂದು ವರ್ಷ ಆಯ್ತು.
ನೀವೇ ಗೊತ್ತು ಮಾಡ್ಕೊಂಡಿಲ್ಲ.’

ಹೊಸದರ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ತಾರೀಖು ಬರೆದ.
ಮೂರು ತಿಂಗಳಿಗೊಮ್ಮೆ, ಕೆಲಸ ಇಲ್ಲದಾಗ,
ಗೋಡೆಯ ಸ್ವಿಚ್ ಆರಿಸಿ ಲೆಕ್ಕ ಹಾಕಿ;
ಹೊಸದರಲ್ಲಿ ಬಂದದ್ದರ ಅರ್ಧಕ್ಕಿಳಿದರೆ ಕಾಯಬೇಡಿ, ಅಂದ.
ಹಳೆಯದನ್ನು ತೂಕಕ್ಕೆ ಹಾಕಿಕೊಂಡು
ಇನ್ನೂರು ಕಡಿಮೆ ಮಾಡಿದ.

ರಾತ್ರಿ ಷಟರ್ ಅರ್ಧ ಇಳಿಸಿ, ಸ್ವಿಚ್ ಆರಿಸಿ ಕೂತೆ.
ಕತ್ತಲಲ್ಲಿ ಪರದೆಯೊಂದೇ ಬೆಳಕು.
ಬೆರಳು ಸುಮ್ಮನಿರದೆ ಟೈಪಿಸತೊಡಗಿತು:
ಹೆಸರು, ಅಳತೆ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮೋರಿ,
‘ನನ್ನ ಸ್ವಇಚ್ಛೆಯಿಂದ,’
ಅಲ್ಲಿಗೆ ನಿಂತೆ. ಕರ್ಸರ್ ಮಿಟುಕುತ್ತಿತ್ತು,
ಅವಸರವಿಲ್ಲದೆ.

ಸೇವ್ ಮಾಡಲಿಲ್ಲ.
ಇಪ್ಪತ್ತಮೂರನೇ ನಿಮಿಷಕ್ಕೆ ಒಮ್ಮೆ ಕೆಮ್ಮಿ ಆರಿತು.
ಬಿಲ್ಲಿನ ಹಿಂದೆ ಬರೆದುಕೊಳ್ಳೋಣವೆಂದು ತಡಕಾಡಿದೆ.
ಪೆನ್ಸಿಲ್ ಸಿಗಲಿಲ್ಲ.